ಎರಡು ಚುಕ್ಕಿಯ ಬನ್ನು

ಆಪೆಲು ಟ್ಯಾಕ್ಸಿಯ ಮುಂದಿನ ಗಾಜು ಒರೆಸುತ್ತಿದ್ದ. ಒದ್ದೆ ಬಟ್ಟೆಯಲ್ಲಿ ಒಂದು ಸಲ, ಒಣ ಬಟ್ಟೆಯಲ್ಲಿ ಒಂದು ಸಲ, ಆಮೇಲೆ ಅಂಗಿಯ ತೋಳಿನಲ್ಲಿ ಇನ್ನೊಂದು ಸಲ. ಅವನ ಹೆಂಡತಿ ಲೋಸಾ ಅಂಗಳದಲ್ಲಿ ಉದುರಿದ್ದ ದೀವಿಹಲಸಿನ ಎಲೆಗಳನ್ನು ಒಂದೊಂದಾಗಿ ಆರಿಸಿ ಬುಟ್ಟಿಗೆ ಹಾಕುತ್ತಿದ್ದಳು. ಇಬ್ಬರೂ ಮಾತಾಡಲಿಲ್ಲ. ಈ ಮೌನದ ಅರ್ಥ ಲೋಸಾಳಿಗೆ ಚೆನ್ನಾಗಿ ಗೊತ್ತಿತ್ತು. ಎದ್ದಾಗಿನಿಂದ ಮಲಗುವ ತನಕ ಹರಟೆ ಹೊಡೆಯುವ ಗಂಡ ಬಾಯಿ ಮುಚ್ಚಿಕೊಂಡು ಗಾಜು ಒರೆಸುತ್ತಿದ್ದಾನೆ ಎಂದರೆ ಅವನ ತಲೆಯೊಳಗೆ ಒಂದು ವಿಮರ್ಶೆ ಹುದುಗು ಬರುತ್ತಿದೆ ಎಂದು ಅರ್ಥ.

ಸಮೋವಾ ದ್ವೀಪದ ಅಪಿಯಾ ಪಟ್ಟಣದಲ್ಲಿ ಟ್ಯಾಕ್ಸಿ ಓಡಿಸುವವರು ಬೇಕಾದಷ್ಟು ಮಂದಿ ಇದ್ದರು. ಆದರೆ ಫೋನಿನ ನಕ್ಷೆಯಲ್ಲಿ ಊರಿನ ಅಂಗಡಿ, ಹೋಟೆಲು, ಬೀದಿಗಳ ಬಗ್ಗೆ ಬರೆದು, ಹೊಸದಾಗಿ ಬಂದವರಿಗೆ ದಾರಿ ತೋರಿಸುವ ಭಾರ ತನ್ನೊಬ್ಬನ ಹೆಗಲ ಮೇಲಿದೆ ಎಂದು ಆಪೆಲು ನಂಬಿದ್ದ. ಮೂರು ವರ್ಷದ ಹಿಂದೆ ಯಾರೋ ಪ್ರಯಾಣಿಕ ಅವನಿಗೆ ಈ ವಿದ್ಯೆ ಕಲಿಸಿಕೊಟ್ಟು ವಿಮಾನ ಹತ್ತಿದ್ದ. ಅಂದಿನಿಂದ ಆಪೆಲು ಕಂಡಕಂಡದ್ದಕ್ಕೆಲ್ಲ ಚುಕ್ಕಿ ಹಂಚುತ್ತ ಬಂದ. ಚೆನ್ನಾಗಿದ್ದರೆ ಐದು ಚುಕ್ಕಿ, ಕೆಟ್ಟದಾಗಿದ್ದರೆ ಒಂದು, ಇದು ನಕ್ಷೆಯ ನಿಯಮ. ಆಪೆಲುವಿನ ನಿಯಮ ಇನ್ನೂ ಸುಲಭವಾಗಿತ್ತು. ಎಲ್ಲಕ್ಕೂ ಐದು. ಮೀನು ಮಾರುಕಟ್ಟೆಗೆ ಐದು. ಕಡಲ ತಡೆಗೋಡೆಗೆ ಐದು: “ಗಟ್ಟಿಯಾಗಿದೆ. ಕೂರಬಹುದು.” ದೊಡ್ಡ ಬೀದಿಯ ಸಿಗ್ನಲ್ ದೀಪಕ್ಕೂ ಐದು: “ಕೆಂಪು ಬಹಳ ಚೆನ್ನಾಗಿ ಕಾಣುತ್ತದೆ.”

ಅವನನ್ನು ದೂರಿ ಪ್ರಯೋಜನವಿಲ್ಲ. ಅಪಿಯಾದಲ್ಲಿ ಯಾವ ಅಂಗಡಿಗೆ ಹೋದರೂ ಗಲ್ಲಾದ ಹಿಂದೆ ನಮ್ಮ ಚಿಕ್ಕಪ್ಪನ ಸೊಸೆಯೋ ಸೊಸೆಯ ತಮ್ಮನೋ ಕೂತಿರುತ್ತಾರೆ. ನಾಲ್ಕು ಚುಕ್ಕಿ ಕೊಟ್ಟು ನೋಡಿ. ಮುಂದಿನ ಮದುವೆಯಲ್ಲಿ ನಿಮ್ಮ ಎಲೆಗೆ ಹಂದಿಯ ಕಿವಿ ಬಿಟ್ಟು ಬೇರೇನೂ ಬೀಳುವುದಿಲ್ಲ.

ತಿಂಗಳಿಗೊಮ್ಮೆ ನಕ್ಷೆಯಿಂದ ಅವನಿಗೊಂದು ಪತ್ರ ಬರುತ್ತಿತ್ತು. ‘ನಿಮ್ಮ ಮಾತು ಹತ್ತು ಸಾವಿರ ಜನರಿಗೆ ನೆರವಾಗಿದೆ.’ ಆಪೆಲು ಅದನ್ನು ಟ್ಯಾಕ್ಸಿ ನಿಲ್ದಾಣದಲ್ಲಿ ಓದಿ, ಚರ್ಚಿನ ಮೆಟ್ಟಿಲ ಮೇಲೆ ಓದಿ, ಕೊನೆಗೆ ಮನೆಯಲ್ಲೂ ಓದುತ್ತಿದ್ದ.

“ಹತ್ತು ಸಾವಿರ ಜನಕ್ಕೆ ದಾರಿ ತೋರಿಸ್ತೀಯ,” ಎನ್ನುತ್ತಿದ್ದಳು ಲೋಸಾ. “ನಿನ್ನ ಚಪ್ಪಲಿ ಎಲ್ಲಿದೆ ಅಂತ ದಿನಾ ನನ್ನ ಕೇಳ್ತೀಯ.”

ಹೀಗೆ ಸುಖವಾಗಿದ್ದವನ ಟ್ಯಾಕ್ಸಿಗೆ ಒಂದು ದಿನ ಆಸ್ಟ್ರೇಲಿಯಾದ ಗಂಡ ಹೆಂಡತಿ ಹತ್ತಿದರು. ಗಂಡ ಹಿಂದಿನ ಸೀಟಿನಲ್ಲಿ ಫೋನು ನೋಡುತ್ತ ನಗತೊಡಗಿದ.

“ಈ ಊರಲ್ಲಿ ಆಪೆಲು ಅಂತ ಒಬ್ಬ ಇದಾನೆ ನೋಡು. ಊಟಕ್ಕೂ ಐದು, ಗೋಡೆಗೂ ಐದು. ಪಾಪ, ಅವನಿಗೆ ನಾಲಿಗೇನೇ ಇಲ್ಲ ಅಂತ ಕಾಣುತ್ತೆ.”

ಮೂವತ್ತು ವರ್ಷ ಟ್ಯಾಕ್ಸಿ ಓಡಿಸಿದ ಆಪೆಲು ಅಂದು ಮೊದಲ ಸಲ ತಿರುವು ತಪ್ಪಿಸಿಕೊಂಡು, ಅವರನ್ನು ಹೋಟೆಲಿನ ಬದಲು ಬಂದರಿಗೆ ಕರೆದುಕೊಂಡು ಹೋದ.

ಎರಡು ದಿನ ಯೋಚಿಸಿ ಅವನು ಒಂದು ತೀರ್ಮಾನಕ್ಕೆ ಬಂದ. ಜೀವಮಾನದಲ್ಲಿ ಒಂದು ಸಲವಾದರೂ ನಿಜ ಬರೆಯಬೇಕು. ಅದಕ್ಕೆ ಸಂಬಂಧಿಕರು ಯಾರೂ ಇಲ್ಲದ ಅಂಗಡಿ ಬೇಕು. ಹುಡುಕಿ ಹುಡುಕಿ, ಬಸ್ ನಿಲ್ದಾಣದ ಎದುರಿನ ತೆಲೆಸಿಯಾಳ ಗೂಡಂಗಡಿ ಸಿಕ್ಕಿತು. ತೆಲೆಸಿಯಾ ಹೋದ ವರ್ಷ ಆಚೆಯ ದ್ವೀಪದಿಂದ ಬಂದವಳು. ಅಜ್ಜನ ಕಾಲದ ತನಕ ಹಿಂದೆ ಹೋದರೂ ನಂಟಿನ ಒಂದು ಎಳೆಯೂ ಸಿಗಲಿಲ್ಲ. ಆಪೆಲುವಿಗೆ ಪರಮಾನಂದವಾಯಿತು.

ಅಲ್ಲಿ ಅವನು ಕೊಂಡದ್ದು ಒಂದು ಪಾನಿ ಪೋಪೋ, ತೆಂಗಿನ ಹಾಲಿನಲ್ಲಿ ಮುಳುಗಿ ಬೆಂದ ಸಿಹಿ ಬನ್ನು. ಇದರಲ್ಲಿ ಕಳ್ಳತನದ ರುಚಿಯೂ ಇತ್ತು. ರಕ್ತದಲ್ಲಿ ಸಕ್ಕರೆ ಏರಿದೆ ಎಂದು ಆಸ್ಪತ್ರೆಯ ನರ್ಸು ಎಚ್ಚರಿಸಿದ ಮೇಲೆ ಎಂಟು ತಿಂಗಳಿಂದ ಲೋಸಾ ಅವನ ಬಾಯಿಗೆ ಸಿಹಿ ಬೀಳಲು ಬಿಟ್ಟಿರಲಿಲ್ಲ. ಪಕ್ಕದ ವಾಯ್ತೋಲೋ ಊರಿನಲ್ಲಿದ್ದ ಅವನ ಅಕ್ಕ ಲೆಪೆಕಾ ಪ್ರತಿ ಭಾನುವಾರ ಕಳಿಸುತ್ತಿದ್ದ ಬನ್ನನ್ನೂ ಲೋಸಾ ಬಾಗಿಲಲ್ಲೇ ತಡೆದು ಎಲ್ಲಿಗೋ ಸಾಗಿಸುತ್ತಿದ್ದಳು. ಹಾಗಾಗಿ ಆಪೆಲು ಮಾರುಕಟ್ಟೆಯ ಹಿಂದೆ ಟ್ಯಾಕ್ಸಿ ನಿಲ್ಲಿಸಿ, ಗಾಜು ಏರಿಸಿ, ಕಣ್ಣು ಮುಚ್ಚಿ ಬನ್ನನ್ನು ಕಚ್ಚಿದ.

ಬಾಯಿ ತುಂಬ ಉಪ್ಪು.

ಅವನು ಅಲ್ಲೇ ಕೂತು ಬರೆದ. “ತೆಲೆಸಿಯಾ ಅಂಗಡಿ. ಎರಡು ಚುಕ್ಕಿ. ಅಂಗಡಿಯವಳು ನಕ್ಕು ಮಾತಾಡಿಸುತ್ತಾಳೆ, ಆ ಎರಡು ಅದಕ್ಕೆ. ಬನ್ನಿನಲ್ಲಿ ಸಕ್ಕರೆ ಇರಬೇಕಾದ ಕಡೆ ಉಪ್ಪಿದೆ. ಇದನ್ನು ಮಾಡಿದ ಕೈ ಇನ್ನು ಮೇಲೆ ಒಲೆಯ ಹತ್ತಿರ ಹೋಗಬಾರದು. ನಿಜವಾದ ಪಾನಿ ಪೋಪೋ ಬೇಕಾದವರು ವಾಯ್ತೋಲೋದಲ್ಲಿರುವ ನನ್ನ ಅಕ್ಕ ಲೆಪೆಕಾಳ ಮನೆಗೆ ಹೋಗಿ. ಚರ್ಚಿನ ಪಕ್ಕ, ನೀಲಿ ನೀರಿನ ತೊಟ್ಟಿಯ ಮನೆ. ಅವಳಿಗೆ ಐದು ಚುಕ್ಕಿ ಸಾಲದು.”

ಬರೆದು ಮುಗಿಸಿದಾಗ ಅವನ ಕಣ್ಣು ತುಂಬಿ ಬಂದಿತ್ತು. ಅವನಿಗೆ ಆರು ವರ್ಷವಿದ್ದಾಗ ಅಮ್ಮ ಸತ್ತಿದ್ದಳು. ಆಗ ಹದಿನಾರರ ಲೆಪೆಕಾ ಇದೇ ಬನ್ನು ಮಾಡಿ, ತಟ್ಟೆಯನ್ನು ತಲೆಯ ಮೇಲಿಟ್ಟುಕೊಂಡು ಬೀದಿ ಬೀದಿ ತಿರುಗಿ ಅವನನ್ನು ಸಾಕಿದ್ದಳು. ತನ್ನ ಪ್ರಾಮಾಣಿಕತೆ, ಅಕ್ಕನ ಮೇಲಿನ ಪ್ರೀತಿ ಎರಡೂ ಒಂದೇ ಬರಹದಲ್ಲಿ ಬಂದದ್ದು ಅವನಿಗೆ ಬಹಳ ಹಿಡಿಸಿತು.

ಮರುದಿನ ತೆಲೆಸಿಯಾ ಟ್ಯಾಕ್ಸಿ ನಿಲ್ದಾಣಕ್ಕೆ ಬಂದಳು. ನಗುಮುಖವನ್ನು ಅಂಗಡಿಯಲ್ಲೇ ಬಿಟ್ಟು ಬಂದಿದ್ದಳು.

“ಎಲ್ಲಿದಾನೆ ಆ ಎರಡು ಚುಕ್ಕಿಯ ಆಪೆಲು?”

ಉಳಿದ ಚಾಲಕರು ತಡವಿಲ್ಲದೆ ಬೆರಳು ತೋರಿಸಿದರು.

“ನೋಡಮ್ಮ, ನಿಜ ಬರೆದಿದೀನಿ,” ಎಂದ ಆಪೆಲು ಎದೆಯುಬ್ಬಿಸಿ. “ಬೇಜಾರು ಮಾಡ್ಕೋಬೇಡ. ಇದರಿಂದ ನೀನೇ ತಿದ್ಕೋಬಹುದು.”

“ನಾನು ತಿದ್ಕೋಬೇಕಾ? ಆ ಬನ್ನು ಮಾಡೋರು ಯಾರು ಗೊತ್ತಾ ನಿನಗೆ?”

“ಯಾರೇ ಆಗಲಿ, ಅವರ ಕೈ—”

“ನಿನ್ನ ಅಕ್ಕ.”

ನಿಲ್ದಾಣದಲ್ಲಿ ಇಸ್ಪೀಟು ಆಡುತ್ತಿದ್ದವರ ಕೈ ನಿಂತಿತು.

ತೆಲೆಸಿಯಾಳ ದನಿ ಇಳಿಯಿತು. “ಎರಡು ವಾರದಿಂದ ತಾನೇ ಬಸ್ಸಿನಲ್ಲಿ ತಟ್ಟೆ ಹಿಡ್ಕೊಂಡು ಬರ್ತಾಳೆ, ನನ್ನ ಅಂಗಡೀಲಿಡು ಅಂತಾಳೆ. ಆ ಮುಖ ನೋಡಿ ಬೇಡ ಅನ್ನೋಕೆ ನನ್ನ ಕೈಲಿ ಆಗಲಿಲ್ಲ. ಸಂಜೆ ಬಂದು ಕೇಳ್ತಾಳೆ, ಎಲ್ಲಾ ಖರ್ಚಾಯ್ತು ಅಂತೀನಿ. ನಮ್ಮ ಹಂದಿಗಳಿಗೆ ಹಾಕ್ತೀನಿ. ಅವು ಆಮೇಲೆ ಒಂದು ಬಕೆಟ್ ನೀರು ಕುಡೀತವೆ. ನಿನಗೊಬ್ಬನಿಗೆ ಯಾಕೆ ಮಾರಿದೆ ಅಂತ ಕೇಳು. ನನ್ನ ತಮ್ಮ ಅಂತ ಅವಳೇ ನಿನ್ನ ಟ್ಯಾಕ್ಸಿ ತೋರಿಸಿದ್ಲು, ಅಕ್ಕನ ಮೇಲಿನ ಪ್ರೀತಿಗೆ ತಿಂತಾನೆ ಅಂದ್ಕೊಂಡೆ.”

“ನಮ್ಮ ಅಕ್ಕನ ಬನ್ನು ಹಾಗಿರಲ್ಲ,” ಎಂದ ಆಪೆಲು.

“ಎಂಟು ತಿಂಗಳಿಂದ ಹಾಗೇ ಇದೆಯಂತೆ. ವಾಯ್ತೋಲೋ ಊರಿಗೆಲ್ಲ ಗೊತ್ತು.”

ಆಪೆಲು ಮನೆಗೆ ಧಾವಿಸಿದ. ಲೋಸಾ ಒಗೆದ ಬಟ್ಟೆ ಹರವುತ್ತಿದ್ದಳು. ಗಂಡನ ಮುಖ ನೋಡಿದವಳೇ ಸುದ್ದಿ ಗೊತ್ತಾಗಿದೆ ಎಂದು ತಿಳಿದು ಬುಟ್ಟಿ ಕೆಳಗಿಟ್ಟಳು.

“ನಿನಗೂ ಗೊತ್ತಿತ್ತಾ?”

“ಗೊತ್ತಿತ್ತು.”

“ಉಪ್ಪು ಅಂತ?”

“ಮರೀತಾಳೆ, ಆಪೆಲು. ಉಪ್ಪು ಯಾವುದು, ಸಕ್ಕರೆ ಯಾವುದು ಅಂತ ತಿಳಿಯಲ್ಲ. ಬಾಯಿಗೆ ಹಾಕ್ಕೊಂಡ್ರೂ ಗೊತ್ತಾಗಲ್ಲ. ಒಂದು ಸಲ ಅವಳ ಮಗಳು ಲಾಂಗಿ ಯಾರಿಗೂ ಕಾಣದ ಹಾಗೆ ಡಬ್ಬಿಗಳ ಜಾಗ ಬದಲಾಯಿಸಿದ್ಲು. ಯಾರೋ ನನ್ನ ಅಡುಗೆಮನೇಲಿ ನನಗೆ ಮೋಸ ಮಾಡ್ತಿದಾರೆ ಅಂತ ಮೂರು ದಿನ ಅತ್ತಳಂತೆ ನಿನ್ನ ಅಕ್ಕ. ಅಲ್ಲಿಂದ ಊರೋರೆಲ್ಲ ಸೇರಿ, ಸುಮ್ನೆ ತಿನ್ನೋದು ಅಂತ ತೀರ್ಮಾನ ಮಾಡಿದ್ವಿ.”

ವಾಯ್ತೋಲೋ ಊರು ಎಂಟು ತಿಂಗಳು ಸುಮ್ಮನೆ ತಿಂದಿತ್ತು. ಪ್ರತಿ ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಪಾದ್ರಿಗಳು ಎರಡು ಬನ್ನು ತಿಂದು, ಮೂರು ಲೋಟ ನೀರು ಕುಡಿದು, ಲೆಪೆಕಾಳ ಕೈಗುಣವನ್ನು ಹೊಗಳುತ್ತಿದ್ದರು. ಹಲ್ಲಿಲ್ಲದ ಮುದುಕರು ಹೊಗಳಿದರು. ಮಕ್ಕಳಿಗೆ ಮುಖ ಕಿವುಚಬಾರದು ಎಂದು ಶನಿವಾರವೇ ಪಾಠ ಹೇಳಿ ಕರೆತರುತ್ತಿದ್ದರು.

“ನನಗೆ ಯಾಕೆ ಹೇಳಲಿಲ್ಲ?”

“ನರ್ಸು ಹೇಗಿದ್ರೂ ಬನ್ನು ಬೇಡ ಅಂದಿದ್ರು. ನಿನ್ನ ಹೊಟ್ಟೆಗೆ ಬೇಡದ್ದು ನಿನ್ನ ಕಿವಿಗೆ ಯಾಕೆ ಅಂದ್ಕೊಂಡೆ. ನೀನು ಅವಳನ್ನ ನೋಡಿದಾಗೆಲ್ಲ ಚೆನ್ನಾಗೇ ಮಾತಾಡ್ತಾಳೆ. ಇನ್ನೊಂದಷ್ಟು ದಿನ ಹಾಗೇ ಇರಲಿ ಅಂತ.”

ಬರೆದದ್ದನ್ನು ಅಳಿಸಿಬಿಡಬೇಕೆಂದು ಆಪೆಲು ಫೋನು ತೆಗೆದ. ಆದರೆ ಅಳಿಸುವ ಮುಂಚೆ ಅಕ್ಕನನ್ನು ಒಮ್ಮೆ ನೋಡಬೇಕೆನಿಸಿತು. ವಾಯ್ತೋಲೋಗೆ ಹೋದಾಗ ಅವಳ ಮನೆಯ ಮುಂದೆ ಬಾಡಿಗೆ ಕಾರೊಂದು ನಿಂತಿತ್ತು. ಸಮೋವಾದ ಹಳೆಯ ಮನೆಗಳಂತೆ ಅವಳದೂ ಗೋಡೆಯಿಲ್ಲದ ಮನೆ. ಕಂಬಗಳ ನಡುವೆ ಹಾಸಿದ ಚಾಪೆಯ ಮೇಲೆ ನಾಲ್ಕು ಜನ ಬಿಳಿಯರು ಕಾಲು ಮಡಚಲು ಬರದೆ ಒದ್ದಾಡುತ್ತ ಕೂತಿದ್ದರು. ನಡುವೆ ಲೆಪೆಕಾ, ಕಿವಿಯ ಹಿಂದೆ ಕೆಂಪು ಹೂವು ಮುಡಿದು, ರಾಣಿಯ ಹಾಗೆ.

“ಬಾರೋ ಆಪೆಲು. ಇವರು ನನ್ನ ಬನ್ನು ತಿನ್ನೋಕೆ ಅಂತ ಅಷ್ಟು ದೂರದಿಂದ ಬಂದಿದಾರೆ. ಫೋನಲ್ಲಿ ನನ್ನ ಹೆಸರಿದೆಯಂತೆ. ನೀನೇ ಬರೆದ್ಯಂತೆ.”

“ಹೌದಕ್ಕ.”

“ಚಿಕ್ಕವನಿದ್ದಾಗ ನಿನ್ನ ಹೆಸರೇ ಬರೆಯೋಕೆ ಬರ್ತಿರಲಿಲ್ಲ,” ಎಂದು ಅವನ ಕೆನ್ನೆ ತಟ್ಟಿದಳು. ಅಷ್ಟು ಜನರ ಮುಂದೆ ಅವಳು ಹೀಗೆ ನಕ್ಕದ್ದನ್ನು ಆಪೆಲು ವರ್ಷಗಳಿಂದ ನೋಡಿರಲಿಲ್ಲ. ಫೋನು ಜೇಬಿಗೆ ಹೋಯಿತು. ಅಳಿಸಿದರೆ ಇವರು ಬರುವುದು ನಿಲ್ಲುತ್ತದೆ, ಬರುವುದು ನಿಂತರೆ ಆ ಹೂವು ನಿಲ್ಲುತ್ತದೆ. ಅವನು ಅಳಿಸಲಿಲ್ಲ.

ಬಂದವರು ಉಪ್ಪಿನ ಬನ್ನು ಕಚ್ಚಿದರೆ ಗತಿಯೇನು ಎಂಬ ಪ್ರಶ್ನೆಯನ್ನು ಪಾದ್ರಿಯ ಹೆಂಡತಿ ಕೈಗೆತ್ತಿಕೊಂಡಳು. ಚರ್ಚಿನ ಮಹಿಳಾ ಸಂಘ ಇಂಥ ಕೆಲಸಕ್ಕೆ ಹುಟ್ಟಿದ್ದು ಎಂದೇ ಹೇಳಬೇಕು. ಬೆಳಗ್ಗೆ ಪಟ್ಟಣದ ಬೇಕರಿಯಿಂದ ಬನ್ನು ತರುವುದು ಆಪೆಲು. ಅದನ್ನು ಚರ್ಚಿನ ಹಿಂದೆ ಇಳಿಸಿಕೊಳ್ಳುವುದು ಇಬ್ಬರು. ಹಿತ್ತಲ ಒಲೆಯಿಂದ ಮನೆಗೆ ತಟ್ಟೆ ಹೋಗುವ ದಾರಿಯಲ್ಲಿ, ಬಾಳೆಯ ಗಿಡಗಳ ಮರೆಯಲ್ಲಿ, ಲಾಂಗಿ ತಟ್ಟೆ ಬದಲಾಯಿಸುತ್ತಿದ್ದಳು. ಅಷ್ಟು ಹೊತ್ತು ಲೆಪೆಕಾಳನ್ನು ಮಾತಿಗೆಳೆಯುವುದು ಪಾದ್ರಿಯ ಹೆಂಡತಿಯ ಪಾಲು. ಮಾತು ಮುಗಿದುಹೋದ ದಿನ ಅವಳು ನಡುವೆ ನಿಂತು ಕೀರ್ತನೆ ಹಾಡಿಬಿಡುತ್ತಿದ್ದಳು. ಪ್ರವಾಸಿಗರು ಇದೂ ಬನ್ನಿನ ಜೊತೆಗೆ ಉಚಿತವೆಂದು ತಿಳಿದು ಚಪ್ಪಾಳೆ ತಟ್ಟಿ, ಹಾಡಿಗೂ ಸೇರಿಸಿ ಐದು ಚುಕ್ಕಿ ಕೊಟ್ಟು ಹೋಗುತ್ತಿದ್ದರು.

ಹೀಗೆ ಹನ್ನೊಂದು ದಿನ ನಡೆಯಿತು.

ಹನ್ನೆರಡನೆಯ ದಿನ ವಿದೇಶದ ಡನೀಡನ್ ಪಟ್ಟಣದಿಂದ ಒಬ್ಬ ಮೇಷ್ಟ್ರಮ್ಮ ಬಂದಳು. ಬಹಳ ಒಳ್ಳೆಯ ಹೆಂಗಸು. ಒಳ್ಳೆಯವಳಾದದ್ದೇ ತೊಂದರೆಯಾಯಿತು. ಬನ್ನು ತಿಂದು, ಲೆಪೆಕಾಳ ಕೈ ಹಿಡಿದು, “ನಿಮ್ಮ ತಮ್ಮ ನಿಮ್ಮ ಬಗ್ಗೆ ಎಷ್ಟು ಚೆನ್ನಾಗಿ ಬರೆದಿದಾರೆ, ನೀವು ಪೂರ್ತಿ ಕೇಳಿದೀರಾ?” ಎಂದಳು. ಪಾದ್ರಿಯ ಹೆಂಡತಿ ತಕ್ಷಣ ಕೀರ್ತನೆ ಎತ್ತಿಕೊಂಡಳು. ಲೆಪೆಕಾ ಕೈಯೆತ್ತಿ ಹಾಡು ನಿಲ್ಲಿಸಿ, “ಓದಮ್ಮ,” ಎಂದಳು.

ಮೇಷ್ಟ್ರಮ್ಮ ಮೊದಲ ಸಾಲಿನಿಂದ ಓದಿದಳು, ಪಾಠ ಓದುವ ಹಾಗೆ, ಗಟ್ಟಿಯಾಗಿ, ನಿಧಾನವಾಗಿ. ತೆಲೆಸಿಯಾ ಅಂಗಡಿ. ಎರಡು ಚುಕ್ಕಿ. ಸಕ್ಕರೆ ಇರಬೇಕಾದ ಕಡೆ ಉಪ್ಪು. ಇದನ್ನು ಮಾಡಿದ ಕೈ ಇನ್ನು ಮೇಲೆ ಒಲೆಯ ಹತ್ತಿರ ಹೋಗಬಾರದು.

ಲೆಪೆಕಾ ತನ್ನ ಕೈಗಳನ್ನು ನೋಡಿಕೊಂಡಳು. ಅವಳಿಗೆ ಬೇಕಾದಷ್ಟು ಇಂಗ್ಲಿಷು ಬರುತ್ತಿತ್ತು. ತೆಲೆಸಿಯಾಳ ಅಂಗಡಿಗೆ ಬನ್ನು ಒಯ್ಯುತ್ತಿದ್ದವರು ಯಾರೆಂಬುದೂ ಅಂದು ನೆನಪಿತ್ತು.

“ಅಮ್ಮಾ, ಅದು ಯಾವುದೋ ಬೇರೆ—” ಎಂದಳು ಲಾಂಗಿ.

“ಆಪೆಲು ಬರೆದದ್ದಾ?”

ಮೇಷ್ಟ್ರಮ್ಮ ಫೋನಿನಲ್ಲಿದ್ದ ಹೆಸರನ್ನು ತೋರಿಸಿದಳು.

“ಆಪೆಲು ನನಗೆ ಸುಳ್ಳು ಹೇಳಲ್ಲ,” ಎಂದು ಲೆಪೆಕಾ ಎದ್ದು, ಹಿತ್ತಲಿಗೆ ಹೋಗಿ, ಒಲೆಯ ಮೇಲೆ ಒಂದು ಗೋಣಿಚೀಲ ಹೊದಿಸಿದಳು. ಆಮೇಲೆ ಬಂದು ಮನೆಯ ಸುತ್ತ ಸುರುಳಿ ಸುತ್ತಿಟ್ಟಿದ್ದ ತೆಂಗಿನ ಗರಿಯ ಪರದೆಗಳ ಪೈಕಿ ರಸ್ತೆಯ ಕಡೆಯದನ್ನು ಮಾತ್ರ ಇಳಿಸಿದಳು. ಉಳಿದ ಮೂರು ಕಡೆ ತೆರೆದೇ ಇತ್ತು. ಆಪೆಲು ಬರುತ್ತಿದ್ದದ್ದು ರಸ್ತೆಯ ಕಡೆಯಿಂದ.

ನಮ್ಮಲ್ಲಿ ಗಂಡಸು ಹೆಂಡತಿಯ ಜೊತೆ ಜಗಳವಾಡಬಹುದು. ಹಿರಿಯರಿಗೆ ಎದುರಾಡಿ ದಂಡ ತೆತ್ತು ಬರಬಹುದು. ಅಕ್ಕನ ಬಗ್ಗೆ ನಾಲ್ಕು ಜನರ ಮುಂದೆ ಒಂದು ಹಗುರ ಮಾತು ಆಡಿದನೋ, ಅವನಿಗೆ ಮುಖವೇ ಇಲ್ಲ. ಆಪೆಲು ನಾಲ್ಕು ಜನರ ಮುಂದೆ ಆಡಿರಲಿಲ್ಲ. ಹತ್ತು ಸಾವಿರ ಜನರ ಮುಂದೆ ಆಡಿದ್ದ, ಅದಕ್ಕೆ ನಕ್ಷೆಯವರ ಪತ್ರವೇ ಸಾಕ್ಷಿ. ಟ್ಯಾಕ್ಸಿ ನಿಲ್ದಾಣದಲ್ಲಿ ಅವನು ಬಂದರೆ ಬೆಂಚು ಖಾಲಿಯಾಗುತ್ತಿತ್ತು. ಅವನು ಬರೆದದ್ದನ್ನೆಲ್ಲ ಅಂದೇ ಅಳಿಸಿದ್ದ, ಕಡಲ ತಡೆಗೋಡೆಯನ್ನೂ ಬಿಡದೆ. ಅದರಿಂದ ಯಾರಿಗೂ ಏನೂ ಆಗಲಿಲ್ಲ.

“ಹೋಗಿ ಅವಳ ಕಾಲಿಗೆ ಬೀಳ್ತೀನಿ,” ಎಂದ ಲೋಸಾಳಿಗೆ.

“ಸುಮ್ನೆ ಹೋದ್ರೆ ಆಗುತ್ತಾ? ಇದು ಊರಿನ ಮಾತಾಗಿದೆ. ಸಭೆ ತೀರ್ಮಾನ ಮಾಡಲಿ.”

ದೊಡ್ಡ ತಪ್ಪಿಗೆ ನಮ್ಮಲ್ಲಿ ಒಂದೇ ದಾರಿ. ತಪ್ಪು ಮಾಡಿದವನು ಮನೆಯ ಅತಿ ಬೆಲೆಬಾಳುವ ನವಿರು ಚಾಪೆಯನ್ನು ತಲೆಯ ಮೇಲೆ ಹೊದ್ದು, ನೊಂದವರ ಮನೆಯ ಮುಂದೆ ಬೆಳಗಾಗುವ ಮುಂಚೆ ಹೋಗಿ ಕೂರಬೇಕು. ಅವರು ಬಂದು ಚಾಪೆ ಎತ್ತಿದರೆ ಕ್ಷಮಿಸಿದಂತೆ. ಎತ್ತದಿದ್ದರೆ ಕೂತೇ ಇರಬೇಕು. ಕೊಲೆಯಂಥದ್ದಕ್ಕೆ ಮಾಡುವ ಕ್ರಮವನ್ನು ಬನ್ನಿಗೆ ಮಾಡಬಹುದೇ ಎಂದು ತೀರ್ಮಾನಿಸಲು ವಾಯ್ತೋಲೋದ ಮತಾಯ್‌ಗಳು, ಅಂದರೆ ಮನೆತನಗಳ ಯಜಮಾನರು, ಸೋಮವಾರ ಸಭೆ ಸೇರಿದರು. ಎಲ್ಲರಿಗಿಂತ ಹಿರಿಯ ಮತಾಯ್ ಓಲೋ ಒಂದು ಚಿಪ್ಪು ಆವಾ ಬೇರಿನ ಕಷಾಯ ಕುಡಿದು ಕೇಳಿದ:

“ಏನಯ್ಯಾ, ಎರಡು ಚುಕ್ಕಿ ಕೊಟ್ಟೆ ಅಂತಾರಲ್ಲ. ಕೊಟ್ಟದ್ದು ತಪ್ಪೋ, ಮೂರು ಇಟ್ಕೊಂಡದ್ದು ತಪ್ಪೋ?”

“ಇಟ್ಕೊಂಡಿಲ್ಲ ಯಜಮಾನ್ರೇ. ಕೊಡಲಿಲ್ಲ ಅಷ್ಟೆ.”

“ಕೊಡದೆ ಇದ್ದದ್ದು ಯಾರ ಹತ್ರ ಇದೆ ಈಗ?”

ಆಪೆಲು ತನ್ನ ಜೇಬು ಮುಟ್ಟಿ ನೋಡಿಕೊಂಡ. ಎರಡನೆಯ ಮತಾಯ್, ಚುಕ್ಕಿ ಕೊಟ್ಟದ್ದು ಅಂಗಡಿಗೆ, ಆದ್ದರಿಂದ ಕ್ಷಮೆ ಕೇಳಬೇಕಾದದ್ದು ತೆಲೆಸಿಯಾಳ ದ್ವೀಪದವರನ್ನು ಎಂದ. ಮೂರನೆಯವನು, ಅಕ್ಕ ತಮ್ಮ ಒಂದೇ ಮನೆತನ, ಒಂದೇ ಮನೆಯ ಚಾಪೆ ಒಂದೇ ಮನೆಗೆ ಹೋದರೆ ಅದು ಕೊಟ್ಟ ಹಾಗಾಗುತ್ತದೋ ಇಟ್ಟುಕೊಂಡ ಹಾಗಾಗುತ್ತದೋ ಎಂದ. ಈ ಪ್ರಶ್ನೆ ಎಷ್ಟು ಚೆನ್ನಾಗಿತ್ತೆಂದರೆ ಸಭೆಯನ್ನು ಮುಂದಿನ ಸೋಮವಾರಕ್ಕೆ ಹಾಕಬೇಕಾಯಿತು. ಅಲ್ಲಿಯ ತನಕ ಯಾರೂ ಲೆಪೆಕಾಳ ಹೊಸಿಲು ತುಳಿಯಬಾರದು, ವಿಚಾರ ಸಭೆಯ ಕೈಯಲ್ಲಿದೆ ಎಂದು ಓಲೋ ಅಪ್ಪಣೆ ಮಾಡಿದ.

ಆಪೆಲು ದಿನಾ ಬೆಳಗ್ಗೆ ಅಕ್ಕನ ಮನೆಯ ಎದುರು, ರಸ್ತೆಯಾಚೆ ಟ್ಯಾಕ್ಸಿ ನಿಲ್ಲಿಸಿ ಇಳಿದ ಪರದೆಯನ್ನು ನೋಡುತ್ತ ಕೂತಿರುತ್ತಿದ್ದ. ಲಾಂಗಿ ನೀರು ತರಲು ಬಂದಾಗ ಗಾಜು ಇಳಿಸಿ ಕೇಳುತ್ತಿದ್ದ.

“ಏನಂತಾಳೆ?”

“ನಿನ್ನ ಹೆಸರು ಹಿಡಿದು ಬೈತಾಳೆ, ಮಾವ. ಬೆಳಗ್ಗೆಯಿಂದ ಸಂಜೆ ತನಕ.”

ಎರಡನೆಯ ಸೋಮವಾರ ಸಭೆ ಸೇರಿ, ಉಪ್ಪು ತಪ್ಪೇ ಅಲ್ಲವೇ ಎಂಬುದರ ಮೇಲೆ ಚರ್ಚಿಸಿ ಮತ್ತೆ ಮುಂದಕ್ಕೆ ಹೋಯಿತು. ಆ ವಾರ ಲಾಂಗಿ ಹೇಳಿದಳು, “ಬೈಯೋದು ಕಡಿಮೆ ಆಗಿದೆ, ಮಾವ.”

“ಕೋಪ ಇಳೀತಾ ಇದೆ,” ಎಂದ ಆಪೆಲು. ಅಂದು ಮನೆಗೆ ಹೋಗಿ ಹೊಟ್ಟೆ ತುಂಬ ಊಟ ಮಾಡಿದ.

ಆ ವಾರದ ಕೊನೆಗೆ ಲಾಂಗಿ ಕೊಡ ಕೆಳಗಿಟ್ಟು ಟ್ಯಾಕ್ಸಿಯ ಕಿಟಕಿಯ ಹತ್ತಿರ ಬಂದಳು.

“ನಿನ್ನ ಹೆಸರೇ ಎತ್ತಲಿಲ್ಲ, ಮಾವ. ನಾಲ್ಕು ದಿನ ಆಯ್ತು.”

“ನಾನು ಹೇಳಲಿಲ್ವಾ? ಅವಳು ಹಾಗೇ. ಚಿಕ್ಕವನಿದ್ದಾಗಲೂ ಹೊಡೆದು ಮೂರನೇ ದಿನಕ್ಕೆ ಮರೆತುಬಿಡ್ತಿದ್ಲು.” ಅವನು ನಗುತ್ತಿದ್ದ. ಲಾಂಗಿ ನಗಲಿಲ್ಲ. ಕೊಡ ಎತ್ತಿಕೊಂಡು ಹೋದಳು. ತುಂಬಿಸಿದ್ದಾಳೋ ಇಲ್ಲವೋ ಎಂಬುದನ್ನೂ ನೋಡಲಿಲ್ಲ.

ಮೂರನೆಯ ಸೋಮವಾರ ಓಲೋ ತೀರ್ಪು ಕೊಟ್ಟ. “ಚುಕ್ಕಿ ವಿಚಾರ ನಮಗೆ ಬಗೆಹರಿಯಲಿಲ್ಲ. ಅಕ್ಕನ ವಿಚಾರ ಗೊತ್ತು. ನಾಳೆ ಹೋಗಿ ಕೂರು.”

ಲೋಸಾ ಪೆಟ್ಟಿಗೆಯ ತಳದಿಂದ ಚಾಪೆ ತೆಗೆದಳು. ಬಟ್ಟೆಗಿಂತ ಮೆದುವಾದ, ಅಂಚಿನಲ್ಲಿ ಕೆಂಪು ಗರಿಗಳ ಸಾಲಿದ್ದ ಚಾಪೆ. ಅವರ ಮದುವೆಗೆ ಬಂದದ್ದು. “ಇದೊಂದೇ ಇರೋದು,” ಎಂದಳು. “ಯಾರು ನೇಯ್ದದ್ದು ಅಂತ ನೆನಪಿದೆ ತಾನೇ?”

“ನೆನಪಿದೆ,” ಎಂದ ಆಪೆಲು.

ಮಂಗಳವಾರ ಸೂರ್ಯ ಏಳುವ ಹೊತ್ತಿಗೆ ಅವನು ಅಕ್ಕನ ಅಂಗಳದ ಕಲ್ಲುಗಳ ಮೇಲೆ ಕಾಲು ಮಡಚಿ, ತಲೆ ಬಾಗಿಸಿ, ಚಾಪೆ ಹೊದ್ದು ಕೂತಿದ್ದ. ಅಂದು ವಾಯ್ತೋಲೋ ಊರಿನ ಪ್ರತಿಯೊಬ್ಬರಿಗೂ ತಮ್ಮ ಅಂಗಳದ ಎಲೆ ಆರಿಸುವ ಕೆಲಸ ಬಿತ್ತು. ಪಾದ್ರಿಯ ಹೆಂಡತಿ ಒಂದೇ ಎಲೆಯನ್ನು ಆರು ಸಲ ಆರಿಸಿದಳು. ಎಂಟು ಗಂಟೆಗೆ ಬಾಡಿಗೆ ಕಾರೊಂದು ಬಂತು. ಹ್ಯಾಟು ಹಾಕಿದ ಒಬ್ಬ ಪ್ರವಾಸಿ ಇಳಿದು, ಕೂತ ಆಕೃತಿಯನ್ನು ನೋಡಿ, ಅದರ ಹತ್ತಿರ ಬಾಗಿ ಕೇಳಿದ.

“ಬನ್ನಿಗೆ ಸಾಲು ಇದೇನಾ?”

ಚಾಪೆ ಉತ್ತರಿಸಲಿಲ್ಲ. ಊರಿನ ಪದ್ಧತಿ ಹೀಗಿರಬಹುದೆಂದು ಅವನು ತನ್ನ ಹ್ಯಾಟನ್ನು ಮುಖದ ಮೇಲೆ ಎಳೆದುಕೊಂಡು ಆಪೆಲುವಿನ ಹಿಂದೆ ಕಾಲು ಮಡಚಿ ಕೂತ. ಅವನನ್ನು ಎಬ್ಬಿಸಿ ಕಳಿಸಲು ಪಾದ್ರಿಯ ಹೆಂಡತಿ ಎಲೆಯನ್ನು ಬಿಟ್ಟು ಓಡಿ ಬರಬೇಕಾಯಿತು.

ಬಿಸಿಲು ಏರಿತು. ಚಾಪೆಯೊಳಗೆ ಆಪೆಲುವಿನ ಬೆವರು ಮೂಗಿನ ತುದಿಯಿಂದ ಕಲ್ಲಿನ ಮೇಲೆ ಬೀಳುತ್ತಿತ್ತು. ಆಮೇಲೆ ಪರದೆ ಸುತ್ತುವ ಸದ್ದು ಕೇಳಿಸಿತು. ಅಕ್ಕನ ಹೆಜ್ಜೆ. ಚಾಪೆಯ ತುದಿ ಮೇಲಕ್ಕೆದ್ದಿತು. ಎಲೆ ಆರಿಸುತ್ತಿದ್ದವರೆಲ್ಲ ನೆಟ್ಟಗಾದರು.

ಲೆಪೆಕಾ ಮೊದಲು ಅವನ ಮುಖ ನೋಡಲಿಲ್ಲ. ಚಾಪೆಯ ಅಂಚನ್ನು ಬೆರಳುಗಳ ನಡುವೆ ಹಿಡಿದು ತಿಕ್ಕಿ ನೋಡಿದಳು.

“ಇದು ನಾನು ನೇಯ್ದದ್ದು,” ಎಂದಳು. “ನನ್ನ ತಮ್ಮನ ಮದುವೆಗೆ. ಎರಡು ವರ್ಷ ಹಿಡೀತು. ಯಾರಪ್ಪ ನೀನು? ನಿನ್ನ ಕೈಗೆ ಹೇಗೆ ಬಂತು?”

“ಅಕ್ಕಾ, ನಾನು ಆಪೆಲು.”

“ಆಪೆಲು ಶಾಲೆಗೆ ಹೋಗಿದಾನೆ.” ಅವಳು ರಸ್ತೆಯ ಕಡೆ ನೋಡಿದಳು. “ಅವನು ಬರೋ ಮುಂಚೆ ಇದನ್ನ ಎಲ್ಲಿಂದ ತಂದ್ಯೋ ಅಲ್ಲಿಡು. ಅವನಿಗೆ ಗೊತ್ತಾದ್ರೆ ಬೇಜಾರು ಮಾಡ್ಕೋತಾನೆ.”

ಆಪೆಲು ಮೂರು ವಾರದಿಂದ ಬಾಯಿಪಾಠ ಮಾಡಿಟ್ಟಿದ್ದ ಮಾತಿನಲ್ಲಿ ಮೊದಲ ಸಾಲಷ್ಟೇ ಉಳಿದಿತ್ತು. “ಕ್ಷಮಿಸು ಅಂತ ಕೇಳೋಕೆ ಬಂದೆ,” ಎಂದ ಕಷ್ಟಪಟ್ಟು.

“ಯಾಕೆ? ಏನು ಮಾಡ್ದೆ?”

ಅವನು ಬಾಯಿ ತೆರೆದ. ಏನು ಮಾಡಿದೆ ಎಂದು ಹೇಳಬೇಕಾದರೆ ಆ ಮಾತನ್ನು ಇನ್ನೊಂದು ಸಲ ಅವಳ ಮುಖಕ್ಕೆ ಹೇಳಬೇಕಿತ್ತು. ಉಪ್ಪು ಎನ್ನಬೇಕಿತ್ತು. ಒಲೆ ಎನ್ನಬೇಕಿತ್ತು.

“ನಿಮ್ಮ ಅಂಗಳದಲ್ಲಿ ಹೇಳದೆ ಕೇಳದೆ ಕೂತೆ,” ಎಂದ.

“ಅಷ್ಟೇನಾ. ಬಿಡು, ಅದಕ್ಕೆಲ್ಲ ಯಾರು ಕೋಪ ಮಾಡ್ಕೋತಾರೆ. ಬಿಸಿಲಲ್ಲಿ ಮುಖ ಕೆಂಪಾಗಿದೆ. ಒಳಗೆ ಬಾ. ತಿಂದ್ಯಾ ಏನಾದ್ರೂ?”

ಊರಿನವರು ದೂರದಿಂದ ಕಂಡದ್ದು ಇಷ್ಟು: ಲೆಪೆಕಾ ಚಾಪೆ ಎತ್ತಿದಳು, ತಮ್ಮನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ಸಭೆಯ ತೀರ್ಪು ಗೆದ್ದಿತೆಂದು ಓಲೋ ಅಂದು ಇಡೀ ಊರಿಗೆ ಕೇಳುವಂತೆ ಕೆಮ್ಮಿದ. ಟ್ಯಾಕ್ಸಿ ನಿಲ್ದಾಣದಲ್ಲಿ ಆಪೆಲುವಿಗೆ ಮತ್ತೆ ಬೆಂಚಿನಲ್ಲಿ ಜಾಗ ಸಿಕ್ಕಿತು. ಅವನು ಯಾರಿಗೂ ಏನೂ ಹೇಳಲಿಲ್ಲ, ಲೋಸಾಳಿಗೆ ಹೊರತು. ಲೋಸಾ ಚಾಪೆಯನ್ನು ಮಡಚಿ ಪೆಟ್ಟಿಗೆಗೆ ಇಡುತ್ತ, “ನನಗೆ ನೇಯೋಕೆ ಬರಲ್ಲ, ಅವಳಿಗೂ ಇನ್ನು ಬರಲ್ಲ,” ಎಂದಳು.

ಈಗ ಆಪೆಲು ದಿನಾ ಬೆಳಗ್ಗೆ ಲೆಪೆಕಾಳ ಹಿತ್ತಲಿಗೆ ಬರುತ್ತಾನೆ. ಒಲೆಯ ಮೇಲಿನ ಗೋಣಿಚೀಲ ತೆಗೆದಾಗಿದೆ. ಅವಳೇ ತೆಗೆದಳು, ಅದನ್ನು ಯಾರು ಹಾಕಿದರೆಂದು ಸ್ವಲ್ಪ ಬೈದಳು ಕೂಡ. ಆಪೆಲು ಯಾರೋ ಕೆಲಸದವನೆಂದು ಅವಳ ಲೆಕ್ಕ. ಕೆಲವು ದಿನ ಒಳ್ಳೆಯ ಕೆಲಸದವನು, ಕೆಲವು ದಿನ ತೆಂಗಿನಕಾಯಿ ಕದಿಯಲು ಬಂದವನು. ಶಾಲೆ ಬಿಡುವ ಹೊತ್ತಿಗೆ ಅವನನ್ನು ಮನೆಗೆ ಕಳಿಸಿಬಿಡುತ್ತಾಳೆ, ತಮ್ಮ ಬರುತ್ತಾನೆಂದು. ಮೊದಲ ಬನ್ನನ್ನು ಎಲೆಯಲ್ಲಿ ಸುತ್ತಿ ಆ ತಮ್ಮನಿಗೆಂದು ಎತ್ತಿಡುತ್ತಾಳೆ. ಹೋಗುವಾಗ ಲಾಂಗಿ ಅದನ್ನು ಆಪೆಲುವಿನ ಟ್ಯಾಕ್ಸಿಯಲ್ಲಿ ಇಡುತ್ತಾಳೆ. ನರ್ಸು ಬೇಡವೆಂದರೂ ಅವನು ಅದನ್ನು ಪೂರ್ತಿ ತಿನ್ನುತ್ತಾನೆ.

ಇಂದು ಅವನು ತುರಿಯುವ ಮಣೆಯ ಮೇಲೆ ಕೂತು ಏಳನೆಯ ಕಾಯಿ ತುರಿಯುತ್ತಿದ್ದಾಗ ಫೋನು ಮಿಣುಕಿತು. ಅವನು ಎಲ್ಲಿ ಕೂತಿದ್ದಾನೆಂದು ನಕ್ಷೆಗೆ ಗೊತ್ತು. ‘ನೀವೀಗ ಇರುವ ಜಾಗ ಹೇಗಿದೆ? ಇತರರಿಗೆ ತಿಳಿಸಿ,’ ಎಂದು ಕೇಳಿತ್ತು. ಐದು ಖಾಲಿ ಚುಕ್ಕಿಗಳು. ಅವನು ಅದನ್ನು ಕವುಚಿ ಕಾಯಿಯ ಸಿಪ್ಪೆಯ ಮೇಲಿಟ್ಟ.

ಲೆಪೆಕಾ ಹಿಟ್ಟಿನ ಮುಂದೆ ನಿಂತಿದ್ದಳು. ಒಂದು ಕೈಯಲ್ಲಿ ಚಮಚ, ಇನ್ನೊಂದರಲ್ಲಿ ಉಪ್ಪಿನ ಡಬ್ಬಿ. ಸಕ್ಕರೆಯ ಡಬ್ಬಿ ಆಪೆಲುವಿನ ಮಂಡಿಯ ಹತ್ತಿರ, ಮುಚ್ಚಳ ತೆಗೆದು, ಸಿದ್ಧವಾಗಿತ್ತು. ಎಷ್ಟೋ ಹೊತ್ತಿನಿಂದ ಅವಳು ಹಾಗೇ ನಿಂತಿದ್ದಳು, ಮುಂದೆ ಏನು ಮಾಡಬೇಕಿತ್ತು ಎಂದು ಕೇಳುವವಳ ಹಾಗೆ, ಬಾಳೆಯ ಗಿಡಗಳ ಕಡೆ ನೋಡುತ್ತ.

“ಅಕ್ಕಾ,” ಎಂದ ಆಪೆಲು.

ಗಾಳಿಗೆ ಎಲೆಗಳು ಅಲ್ಲಾಡಿದವು. ಅವನು ಮಣೆಯಿಂದ ಎದ್ದು, ತುರಿ ಅಂಟಿದ ಕೈಯನ್ನು ಅಂಗಿಗೆ ಒರೆಸಿಕೊಂಡು ಮುಂದೆ ಚಾಚಿದ.

“ಅಕ್ಕಾ, ಆ ಡಬ್ಬಿ ಸ್ವಲ್ಪ ಈಚೆ ಕೊಡು.”